ಕೇರಿ ದಾರಿ ಯಾವ ನಕ್ಷೆಯಲ್ಲಿದೆ?



ಎಲ್ಲ ಇಲಾಖೆಗಳ ರಸ್ತೆ ನಕ್ಷೆ ಒಂದೇ ಕಡೆ ಬರಬೇಕು, ಒಂದೇ ಮಾದರಿಯಲ್ಲಿರಬೇಕು ಅನ್ನೋ ಮಾತು ಜೋರಾಗಿದೆ. 2021ರಲ್ಲಿ ಪಿಎಂ ಗತಿಶಕ್ತಿ ಬಂತು, 2022ರಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ ಬಂತು. ನಮ್ಮ ರಾಜ್ಯದ ದಿಶಾಂಕ್ ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರ್ ಫೋನಲ್ಲೇ ಸಿಗುತ್ತೆ. ಇದನ್ನ ನಾನು ವಿರೋಧಿಸ್ತಿಲ್ಲ, ಬೇಕೇ ಬೇಕು. ಆದರೆ ನಕ್ಷೆಗಳನ್ನ ಸೇರಿಸೋ ಮೊದಲು ಅವುಗಳಲ್ಲಿ ನಮ್ಮ ದಾರಿ ಇದೆಯಾ ಅಂತ ಯಾರಾದರೂ ನೋಡಿದ್ದಾರಾ?

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಊರು. ಕೇರಿಯಿಂದ ಸ್ಮಶಾನಕ್ಕೆ ದಾರಿ ಕೊಡಿ ಅಂತ ಅಲ್ಲಿನವರ ಜೊತೆ ನಾನೂ ಕಚೇರಿ ಕಚೇರಿ ಅಲೆದಿದ್ದೇನೆ. ಒಂದು ಕಡೆ 'ಗ್ರಾಮನಕ್ಷೆಯಲ್ಲಿ ಬಂಡಿದಾರಿ ಇಲ್ಲ, ಖಾಸಗಿ ಜಮೀನು' ಅಂದರು. ಇನ್ನೊಂದು ಕಡೆ 'ನಮ್ಮ ರಸ್ತೆ ಪಟ್ಟಿಯಲ್ಲಿ ಅದಿಲ್ಲ' ಅಂದರು. ಮೂರನೇ ಕಡೆ, ಅದೇ ದಾರಿಯ ಅರ್ಧಕ್ಕೆ ಸಿಸಿ ಹಾಕಿ ಬಿಲ್ ಆಗಿರೋ ಕಡತ ತೋರಿಸಿದರು. ಇಲ್ಲದ ದಾರಿಗೆ ಬಿಲ್ ಹೆಂಗಾಯ್ತು ಸ್ವಾಮಿ?

ಇದು ಬರೀ ಗುಮಾಸ್ತರ ಸೋಮಾರಿತನ ಅಲ್ಲ. ಗ್ರಾಮನಕ್ಷೆ ಹುಟ್ಟಿದ್ದೇ ಕಂದಾಯ ವಸೂಲಿಗೆ. ಜಮೀನಿದ್ದವನ ಗಡಿ, ಅವನ ಗಾಡಿ ಹೋಗೋ ದಾರಿ ಅದರಲ್ಲಿ ಬಂತು. ಆಮೇಲೆ ಕಟ್ಟಿದ ಜನತಾ ಮನೆ ಕಾಲೋನಿಗಳ ದಾರಿ ಎಷ್ಟೋ ಕಡೆ ಅದಕ್ಕೆ ಏರಲೇ ಇಲ್ಲ.

2000ದಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನೋಡಿ. ಸರ್ವಋತು ರಸ್ತೆಯಿಂದ 500 ಮೀಟರ್ ಒಳಗಿರೋ ಜನವಸತಿಗೆ ಸಂಪರ್ಕ ಇದೆ ಅಂತಲೇ ಅದರ ಲೆಕ್ಕ. ಈಗ ಹೇಳಿ, ನಮ್ಮ ಕೇರಿಗಳನ್ನ ಊರಿಂದ ಎಷ್ಟು ದೂರ ಇಟ್ಟಿದ್ದರು? ಕೂಗಿದರೆ ಕೇಳಬೇಕು, ಮೈ ಮಾತ್ರ ತಾಗಬಾರದು, ಅಷ್ಟು ದೂರ. ಜಾತಿ ಅಳೆದಿಟ್ಟ ಆ ದೂರವನ್ನ ಇಂಜಿನಿಯರ್ ಟೇಪು 'ಹತ್ತಿರ' ಅಂತ ಬರೆದುಕೊಂಡಿತು. ಊರಿಗೆ ಟಾರು ಬಿದ್ದ ದಿನವೇ ಕೇರಿಗೂ ಬಿದ್ದಂಗೆ! ಈ ಲೆಕ್ಕವನ್ನೇ ಸ್ಟ್ಯಾಂಡರ್ಡ್ ಅಂತ ಮಾಡಿ ಹಂಚಿದರೆ, ಇವತ್ತು ಒಂದು ಕಚೇರಿಯಲ್ಲಿ ಇಲ್ಲದ ದಾರಿ ನಾಳೆ ಹತ್ತು ಕಚೇರಿಯಲ್ಲೂ ಇರಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗೋ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಗೆ ಗುಂಟೆ ಗುಂಟೆ ಅಳೆಯೋಕೆ ಆಯ್ತು, ಕೇರಿಯ ದಾರಿ ಅಳೆಯೋಕೆ ಆಗಲ್ವಾ?

ಇನ್ನು ದುಡ್ಡಿನ ಮಾತು. 2013ರ ಎಸ್‌ಸಿಎಸ್‌ಪಿ/ಟಿಎಸ್‌ಪಿ ಕಾಯ್ದೆಯ 7(ಡಿ) ಇಟ್ಟುಕೊಂಡು, ವಿಂಗಡಿಸಲಾಗದ ಕಾಮಗಾರಿ ಅಂತ ಹೇಳಿ ನಮ್ಮ ಪಾಲನ್ನ ಎಲ್ಲರ ಕಾಮಗಾರಿಗೆ ಖರ್ಚು ತೋರಿಸೋ ದಾರಿ ಮಾಡಿಕೊಂಡಿದ್ದರು. ಹೋರಾಟ ಮಾಡಿ 2023ರಲ್ಲಿ ಅದನ್ನ ತೆಗೆಸಿದ್ದಾಯ್ತು. ಆದರೆ 'ಎಸ್‌ಸಿ ಕಾಲೋನಿ ರಸ್ತೆ' ಅಂತ ಬರೆದ ಕಾಮಗಾರಿ ಎಲ್ಲಿ ಶುರುವಾಗಿ ಯಾರ ಮನೆ ಮುಂದೆ ನಿಂತಿತು? ಕಡತ ಓದಿದರೆ ಗೊತ್ತಾಗಲ್ಲ, ನಕ್ಷೆ ಮೇಲೆ ಗೆರೆ ಎಳೆದರೆ ಮಗುವಿಗೂ ಗೊತ್ತಾಗುತ್ತೆ. ಅದಕ್ಕೇ ಒಂದು ರಸ್ತೆಗೆ ಎಲ್ಲ ಇಲಾಖೆಯಲ್ಲೂ ಒಂದೇ ನಂಬರ್ ಇರಲಿ, ಆ ನಂಬರ್ ಪಕ್ಕ ಯೋಜನೆ ಮತ್ತು ಮೊತ್ತ ಬರಲಿ. ಇಲಾಖೆಗಳು ತಮ್ಮತಮ್ಮಲ್ಲೇ ಹಂಚಿಕೊಂಡರೆ ಸಾಲದು, ನಮ್ಮ ಕಣ್ಣಿಗೂ ಬೀಳಬೇಕು. ಸೇರಿಸೋ ಮುಂಚೆ ನಕ್ಷೆಯನ್ನ ಗ್ರಾಮಸಭೆಯಲ್ಲಿ ಗೋಡೆಗೆ ಹಾಕಿ, ಬಿಟ್ಟುಹೋದ ಕೇರಿ, ಕಾಲೋನಿ, ಸ್ಮಶಾನದ ದಾರಿಗಳನ್ನ ಬರೆಸಿಕೊಳ್ಳಲಿ.

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಗೆಳೆಯರು ಮಾಹಿತಿ ಹಕ್ಕಿನಲ್ಲಿ ನಿಮ್ಮ ಪಂಚಾಯ್ತಿಯ ರಸ್ತೆ ಪಟ್ಟಿ, ಸರ್ವೆ ಕಚೇರಿಯ ಗ್ರಾಮನಕ್ಷೆ ಎರಡನ್ನೂ ತಗೊಳ್ಳಿ. ಪಕ್ಕಪಕ್ಕ ಇಟ್ಟು, ನಿಮ್ಮ ದಾರಿ ಯಾವುದರಲ್ಲಿಲ್ಲ ಅಂತ ಕಾಮೆಂಟಲ್ಲಿ ಹಾಕಿ. ಪಟ್ಟಿ ಮಾಡಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಒಟ್ಟಿಗೇ ಹೋಗೋಣ.