ಡಯಟ್ ಕೋಲಾ ಮೇಲಿನ ಆ ಎಚ್ಚರಿಕೆ ಯಾರಿಗೆ? ಗೊತ್ತಾಗುವುದು ಮಗುವಿನ ಹಿಮ್ಮಡಿಯ ರಕ್ತದಿಂದ

ಡಯಟ್ ಕೋಲಾ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಫೀನೈಲ್‌ಕೀಟೋನ್ಯೂರಿಕ್ಸ್‌ಗೆ ಅಲ್ಲ. ಅದರ ಸುತ್ತ ಕೆಂಪು ಗೆರೆ ಎಳೆದು, 'ವಿಷ ಎಂದು ಕಂಪನಿಯೇ ಒಪ್ಪಿಕೊಂಡಿದೆ, ಎಲ್ಲರಿಗೂ ಕಳಿಸಿ' ಎನ್ನುವಂಥ ಫಾರ್ವರ್ಡ್‌ಗಳನ್ನು ನೀವೂ ನೋಡಿರಬಹುದು.

ಇದು ಕಂಪನಿಯ ತಪ್ಪೊಪ್ಪಿಗೆಯಲ್ಲ. ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಬಳಸಿದರೆ ಈ ಸಾಲು ಹಾಕಲೇಬೇಕು ಎನ್ನುವುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಆಸ್ಪರ್ಟೇಮ್ ಹೊಟ್ಟೆ ಸೇರಿದಾಗ ಅದರಿಂದ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ಹೊರಬರುತ್ತದೆ. ಬೇಳೆ, ಮೊಟ್ಟೆ, ತಾಯಿಹಾಲಿನಲ್ಲೂ ಇರುವುದು ಇದೇ. ಒಂದು ಡಬ್ಬಿ ಡಯಟ್ ಕೋಲಾದಲ್ಲಿ ಸಿಗುವುದಕ್ಕಿಂತ ಒಂದು ಲೋಟ ಹಸುವಿನ ಹಾಲಿನಲ್ಲಿ ಹೆಚ್ಚು ಸಿಗುತ್ತದೆ. (ಆಸ್ಪರ್ಟೇಮ್ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆಯೇ ಚರ್ಚೆ.)

ಹಾಗಾದರೆ ಎಚ್ಚರಿಕೆ ಯಾರಿಗೆ? ಫೀನೈಲ್‌ಅಲನೈನ್ ಅನ್ನು ಟೈರೋಸಿನ್ ಆಗಿ ಬದಲಿಸುವ ಕಿಣ್ವ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಈ ಕಾಯಿಲೆಯೇ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು. 1934ರಲ್ಲಿ ನಾರ್ವೆಯ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಇದನ್ನು ಗುರುತಿಸಿದರು. ಮಗು ಹುಟ್ಟಿದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿದಂತೆಲ್ಲ ಫೀನೈಲ್‌ಅಲನೈನ್ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳಿಗೆ ಹಾನಿ ಮಾಡುತ್ತದೆ. ಲಕ್ಷಣ ಕಾಣಿಸುವ ಹೊತ್ತಿಗೆ ಆದ ಹಾನಿಯನ್ನು ಸರಿಪಡಿಸುವುದು ಕಷ್ಟ. ಮೊದಲ ವಾರಗಳಲ್ಲೇ ಪತ್ತೆಯಾಗಿ ವಿಶೇಷ ಆಹಾರ ಶುರುವಾದರೆ ಮಗು ಉಳಿದವರಂತೆಯೇ ಬೆಳೆದು ಶಾಲೆಗೆ ಹೋಗಬಲ್ಲದು.

ಪತ್ತೆಯಾಗುವುದು ಹಿಮ್ಮಡಿಗೆ ಚುಚ್ಚಿ ಫಿಲ್ಟರ್ ಪೇಪರ್ ಮೇಲೆ ಒಣಗಿಸಿದ ರಕ್ತದ ಹನಿಯಿಂದ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಈ ಕಾಗದ ಪದ್ಧತಿ ತಂದಾಗ ಒಂದು ಪರೀಕ್ಷೆಯಿಂದ ಒಂದೇ ಕಾಯಿಲೆ ತಿಳಿಯುತ್ತಿತ್ತು. 1990ರ ದಶಕದಲ್ಲಿ ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್ ಬಂತು. ಸರಳವಾಗಿ ಹೇಳಿದರೆ ಅದು ಅಣುಗಳ ತಕ್ಕಡಿ.

ಕಾಗದದಿಂದ ಕಡಲೆಕಾಳಿಗಿಂತ ಚಿಕ್ಕ ಬಿಲ್ಲೆ ಕತ್ತರಿಸಿ, ಅದರಲ್ಲಿನ ಅಮೈನೋ ಆಮ್ಲಗಳನ್ನು ದ್ರವಕ್ಕೆ ಇಳಿಸಿ, ವಿದ್ಯುದಾವೇಶ ಕೊಟ್ಟು ಯಂತ್ರದೊಳಗೆ ಸಿಂಪಡಿಸುತ್ತಾರೆ. ಮೊದಲ ತಕ್ಕಡಿ 166 ತೂಗುವುದನ್ನು ಮಾತ್ರ ಒಳಗೆ ಬಿಡುತ್ತದೆ ಎಂದುಕೊಳ್ಳಿ. ಆವೇಶ ಹೊತ್ತ ಫೀನೈಲ್‌ಅಲನೈನ್ ತೂಕ ಅದು. ಆದರೆ ರಕ್ತದಲ್ಲಿ ಅಷ್ಟೇ ತೂಗುವ ಬೇರೆ ಅಣುಗಳೂ ಇರಬಹುದಲ್ಲ? ಅದಕ್ಕೇ ನಡುವೆ ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುತ್ತಾರೆ. ಎರಡನೇ ತಕ್ಕಡಿಯಲ್ಲಿ 120ರ ಚೂರು ಸಿಕ್ಕರೆ ಅದು ಫೀನೈಲ್‌ಅಲನೈನ್ ಎಂದು ಲೆಕ್ಕ. ಟೈರೋಸಿನ್ ಆದರೆ 182, ಒಡೆದಾಗ 136. ಎಷ್ಟಿದೆ ಎಂದು ತಿಳಿಯಲು, ತುಸು ಭಾರವಾಗಿ ತಯಾರಿಸಿದ ಅದೇ ಅಮೈನೋ ಆಮ್ಲವನ್ನು ಗೊತ್ತಿರುವ ಅಳತೆಯಲ್ಲಿ ಮೊದಲೇ ಬೆರೆಸಿ ಹೋಲಿಸುತ್ತಾರೆ. ಕೆಲವೇ ನಿಮಿಷದಲ್ಲಿ, ಅದೇ ಹನಿಯಲ್ಲಿ, ಹತ್ತಾರು ಕಾಯಿಲೆಗಳ ಸುಳಿವು ಸಿಗುತ್ತದೆ.

ಬರೀ ಸುಳಿವು ಎನ್ನುವುದನ್ನು ಮರೆಯಬಾರದು. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ಒಂದೇ ತೂಕ ತೂಗುವುದರಿಂದ ಈ ವೇಗದ ಪರೀಕ್ಷೆಯಲ್ಲಿ ಅವು ಬೇರೆಯಾಗುವುದಿಲ್ಲ. ಮೊದಲ ವರದಿಯಲ್ಲಿ ಏರುಪೇರು ಕಂಡರೆ ಮಗುವಿಗೆ ಕಾಯಿಲೆ ಇದೆ ಎಂದಲ್ಲ, ಇನ್ನೊಂದು ಪರೀಕ್ಷೆ ತಡಮಾಡದೆ ಆಗಬೇಕು ಎಂದರ್ಥ.

ಕರ್ನಾಟಕಕ್ಕೆ ಇದು ಹೊಸತೇನಲ್ಲ. 1980ರ ದಶಕದಲ್ಲೇ, ಈ ಯಂತ್ರ ಬರುವ ಮೊದಲು, ಇಲ್ಲಿನ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷ ಹುಡುಕುವ ದೊಡ್ಡ ಸಮೀಕ್ಷೆ ನಡೆದಿತ್ತು. ಪಿಕೆಯುನಂಥ ಕಾಯಿಲೆ ಬರುವುದು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ಮನೆಗಳಲ್ಲಿ ಆ ಸಾಧ್ಯತೆ ಹೆಚ್ಚು. ಆದರೂ ನಮ್ಮಲ್ಲಿ ಹುಟ್ಟುವ ಪ್ರತಿ ಮಗುವಿಗೂ ಈ ಪರೀಕ್ಷೆ ಆಗುತ್ತಿಲ್ಲ. ಡಬ್ಬಿಯ ಮೇಲೆ ಎಚ್ಚರಿಕೆ ಕಡ್ಡಾಯ, ಅದು ತನಗೇ ಬರೆದದ್ದು ಎಂದು ತಿಳಿಸುವ ಪರೀಕ್ಷೆ ಕಡ್ಡಾಯವಲ್ಲ. ಇದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಹೆರಿಗೆಗೆ ಸೇರುವಾಗಲೇ ನವಜಾತ ಶಿಶು ತಪಾಸಣೆ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ರಕ್ತವನ್ನು ಸಾಮಾನ್ಯವಾಗಿ ಹುಟ್ಟಿದ 24 ಗಂಟೆ ಕಳೆದ ಮೇಲೆ, ಮಗು ಹಾಲು ಕುಡಿಯಲು ಶುರುಮಾಡಿದ ನಂತರ ತೆಗೆಯುತ್ತಾರೆ. ಅದಕ್ಕಿಂತ ಮೊದಲು ತೆಗೆದರೆ ಫೀನೈಲ್‌ಅಲನೈನ್ ಇನ್ನೂ ಏರಿರದೆ ಕಾಯಿಲೆ ತಪ್ಪಿಸಿಕೊಳ್ಳಬಹುದು. ಬೇಗ ಡಿಸ್ಚಾರ್ಜ್ ಆಗುತ್ತಿದ್ದರೆ ಮತ್ತೆ ಯಾವ ದಿನ ಬರಬೇಕೆಂದು ಬರೆಸಿಕೊಂಡೇ ಹೊರಡಿ.