ನೋವು ಬರಿಸುವ ಮುನ್ನ ದೂರ ಅಳೆಯಬೇಕು

ದಿನ ಮೀರಿದ ಗರ್ಭಿಣಿಗೆ ಔಷಧ ಕೊಟ್ಟು ಹೆರಿಗೆ ನೋವು ಬರಿಸುವುದು ಶಿಶುವಿಗೆ ಹಿತವೋ ಅಪಾಯವೋ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನ ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಸ್ವೀಡನ್ನಿನಲ್ಲಿ 2,760 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ 41 ವಾರ ತುಂಬಿದೊಡನೆ ನೋವು ಬರಿಸಲಾಯಿತು. ಉಳಿದವರಿಗೆ 42 ವಾರದವರೆಗೆ ಕಾಯಲಾಯಿತು. ಕಾದ ಗುಂಪಿನಲ್ಲಿ ಆರು ಶಿಶುಗಳು ಅಸುನೀಗಿದವು, ಇನ್ನೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು. 41 ವಾರ ಮುಟ್ಟಿದವರಿಗೆ ನೋವು ಬರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಅದರ ಜೊತೆಗೇ ಒಂದು ಷರತ್ತನ್ನು ಇಡುತ್ತದೆ: ತಾಯಿ–ಮಗುವಿನ ಮೇಲೆ ನಿರಂತರ ನಿಗಾ ಇರಬೇಕು, ಸಿಸೇರಿಯನ್‌ಗೆ ಸಿದ್ಧತೆ ಇರಬೇಕು.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ತೊಡಕಾಗುವುದು ಈ ಷರತ್ತೇ. ಭಟ್ಕಳದಿಂದ ಉಡುಪಿ–ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150. ಉತ್ತರಕ್ಕೆ ಕಾರವಾರದ ವೈದ್ಯಕೀಯ ಕಾಲೇಜು ಕುಮಟಾದವರಿಗೆ 70 ಕಿ.ಮೀ. ದೂರದಲ್ಲಿದೆ, ಭಟ್ಕಳದವರಿಗೆ ಅದು ಮಣಿಪಾಲಕ್ಕಿಂತಲೂ ದೂರ. ಎರಡೂ ದಿಕ್ಕಿಗೆ ಇರುವುದು ಹೆದ್ದಾರಿ 66 ಒಂದೇ. 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಎರಡು ವರ್ಷಗಳ ನಂತರ, ಅದೇ ಜುಲೈನಲ್ಲಿ, ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಕಾರವಾರದ ದಾರಿ ದಿನಗಟ್ಟಲೆ ಮುಚ್ಚಿತು.

ಔಷಧದಿಂದ ಬರಿಸಿದ ನೋವು ಮಿತಿಮೀರಿದರೆ ಏನಾಗುತ್ತದೆಂಬುದು ಗೊತ್ತಿರುವ ವಿಷಯವೇ. ಗರ್ಭಕೋಶ ಬಿಗಿಹಿಡಿದಾಗಲೆಲ್ಲ ಮಾಸಿನ ಮೂಲಕ ಹರಿಯುವ ರಕ್ತ ಕಡಿಮೆಯಾಗುತ್ತದೆ. ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಮಗು ಆಮ್ಲಜನಕ ಪಡೆದು ಚೇತರಿಸಿಕೊಳ್ಳುತ್ತದೆ. ಆಕ್ಸಿಟೋಸಿನ್ ಅತಿಯಾದರೆ ಆ ಬಿಡುವೇ ಇಲ್ಲವಾಗುತ್ತದೆ. ಮಗುವಿನ ಎದೆಬಡಿತ ಇಳಿದಾಗ ಡ್ರಿಪ್ ನಿಲ್ಲಿಸಿ, ಅಗತ್ಯವಾದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕು. ಆ ಹೊತ್ತಿನಲ್ಲಿ ಅರಿವಳಿಕೆ ತಜ್ಞರಿಲ್ಲದ ಆಸ್ಪತ್ರೆ ಆಂಬುಲೆನ್ಸ್ ಕರೆಯುತ್ತದೆ. 150 ಕಿ.ಮೀ. ದೂರವನ್ನು ಆ ಮಗು ತಾಳಿಕೊಳ್ಳುವುದೆಂದು ನಂಬುವುದು ಕಷ್ಟ.

ಉಸಿರುಗಟ್ಟಿ ಹುಟ್ಟಿದ ಮಗುವನ್ನು ಆಮೇಲೆ ಉಳಿಸಿಕೊಳ್ಳಬಹುದೆಂಬ ಭರವಸೆಯೂ ಕುಂದಿದೆ. ಶ್ರೀಮಂತ ದೇಶಗಳಲ್ಲಿ ಅಂಥ ಶಿಶುಗಳ ಮೈಯನ್ನು ತಂಪಾಗಿಸಿ ಮಿದುಳನ್ನು ಕಾಪಾಡುತ್ತಾರೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ತಂಪಾಗಿಸಿದ ಮಕ್ಕಳಲ್ಲೇ ಸಾವು ಹೆಚ್ಚಿತ್ತು. ಉಳಿಸಿಕೊಳ್ಳುವುದಿದ್ದರೆ ಹೆರಿಗೆ ಕೋಣೆಯಲ್ಲೇ ಉಳಿಸಿಕೊಳ್ಳಬೇಕು.

ಆಕ್ಸಿಟೋಸಿನ್ ನಮ್ಮ ಸರ್ಕಾರಗಳಿಗೆ ಅಪರಿಚಿತವಲ್ಲ. ಹಾಲು ಕರೆಯಲು ದುರ್ಬಳಕೆಯಾಗುತ್ತಿದೆಯೆಂದು ಕೇಂದ್ರವು 2018ರ ಏಪ್ರಿಲ್‌ನಲ್ಲಿ ಖಾಸಗಿ ತಯಾರಿಕೆಯನ್ನೇ ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ವಲಯದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಗೆ ಮಾತ್ರ ಅನುಮತಿಸಿತು. ಬಾಣಂತಿಯರ ರಕ್ತಸ್ರಾವ ತಡೆಯುವ ಔಷಧ ಸಿಗದೇ ಹೋದೀತೆಂಬ ವಾದ ಎದ್ದಿತು. ದೆಹಲಿ ಹೈಕೋರ್ಟ್ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಇಷ್ಟೆಲ್ಲ ನಡೆದಾಗಲೂ ಹೆರಿಗೆ ಕೋಣೆಯಲ್ಲಿನ ದುರ್ಬಳಕೆ ಹಸು–ಎಮ್ಮೆಗಳಷ್ಟು ಗಮನ ಸೆಳೆಯಲಿಲ್ಲ. ಒಳ್ಳೆಯ ನಕ್ಷತ್ರ ನೋಡಿ 38ನೇ ವಾರಕ್ಕೇ ಹೆರಿಗೆ ಮಾಡಿಸಿಕೊಡಿ ಎನ್ನುವ ವಿದ್ಯಾವಂತ ಕುಟುಂಬಗಳೂ ಈ ಬಗ್ಗೆ ಯೋಚಿಸಬೇಕು.

ನೋವು ಬರಿಸುವುದೇ ಬೇಡವೆನ್ನುವುದು ಇದಕ್ಕೆ ಪರಿಹಾರವಲ್ಲ. ದೂರದ ಊರಿನವಳಿಗೆ ಮಧ್ಯರಾತ್ರಿಯ ಓಟಕ್ಕಿಂತ ಹಗಲಿನಲ್ಲಿ, ಸಜ್ಜಾದ ಆಸ್ಪತ್ರೆಯಲ್ಲಿ ನೋವು ಬರಿಸಿಕೊಳ್ಳುವುದೇ ಕ್ಷೇಮ. ಅದಕ್ಕೆ ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನಿಂಗ್ ಮಾಡಿ ದಿನದ ಲೆಕ್ಕ ಖಚಿತಪಡಿಸಬೇಕು. ಎಲ್ಲಿ ಹೆರಿಗೆ ಎಂಬುದನ್ನು 38ನೇ ವಾರದಲ್ಲೇ ನಿರ್ಧರಿಸಬೇಕು. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ತಜ್ಞರು ಹಗಲು–ರಾತ್ರಿ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಅನಗತ್ಯವಾಗಿ ನೋವು ಹೆಚ್ಚಿಸುವುದನ್ನು ತಡೆಯಲೆಂದೂ 2017ರಲ್ಲಿ ‘ಲಕ್ಷ್ಯ’ ಯೋಜನೆ ಬಂದಿದೆ. ಅದರ ಪರಿಶೀಲನೆ ಖಾಸಗಿ ನರ್ಸಿಂಗ್ ಹೋಂಗಳ ಹೊಸ್ತಿಲನ್ನೂ ದಾಟಬೇಕು. ಸತ್ತ ಪ್ರತಿ ಶಿಶುವಿನ ಕಡತದಲ್ಲಿ, ಔಷಧ ಹಾಕಿದ್ದು ಎಷ್ಟು ಗಂಟೆಗೆ, ಆಗ ಅರಿವಳಿಕೆ ತಜ್ಞರು ಎಲ್ಲಿದ್ದರು ಎಂಬೆರಡು ಸಾಲುಗಳನ್ನು ಕಡ್ಡಾಯಗೊಳಿಸಲು ಹೊಸ ಅನುದಾನವೇನೂ ಬೇಕಿಲ್ಲ.