ಕಣ್ಣು ಕಸಿಯಾದ ಮೇಲೆ

ವರ್ಷಂಪ್ರತಿ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ತನಕ ದೇಶದಲ್ಲಿ ನೇತ್ರದಾನ ಪಕ್ಷವನ್ನು ಆಚರಿಸಲಾಗುತ್ತದೆ. ಶಾಲೆಗಳಲ್ಲಿ ಭಾಷಣಗಳಾಗುತ್ತವೆ, ಯುವಕ ಸಂಘಗಳವರು ಪ್ರತಿಜ್ಞಾಪತ್ರಗಳಿಗೆ ರುಜು ಹಾಕಿಸುತ್ತಾರೆ. ಇದು ಶ್ಲಾಘನೀಯ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. 2006ರಲ್ಲಿ ಡಾ. ರಾಜಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಅವರ ಪುತ್ರ ಪುನೀತ್ ಅಕಾಲ ಮರಣಕ್ಕೀಡಾದಾಗ, ಎರಡು ಕಣ್ಣುಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಆದರೆ ದಾನವಾಗಿ ಬಂದ ಕಣ್ಣು ಕಸಿಯಾದ ಮೇಲೆ ಅದರ ಗತಿಯೇನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಇಂದು ನಾವು ಆ ವಿಚಾರವನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಇತ್ತೀಚೆಗೆ ಹಿರಿಯ ಕೃಷಿಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅಡಿಕೆಗೆ ಮದ್ದು ಬಿಡಲೆಂದು ಸುಣ್ಣ ಕಲಸುತ್ತಿದ್ದಾಗ ಅದು ಹಾರಿ ಒಂದು ಕಣ್ಣು ಕೆಟ್ಟಿತ್ತು. ಎರಡು ವರ್ಷಗಳ ಹಿಂದೆ ಅದಕ್ಕೆ ಕಸಿ ಮಾಡಿಸಿಕೊಂಡಿದ್ದರು. "ಬೆಳಕು ಬಂತು, ಆದರೆ ದೀಪ ಎರಡೆರಡಾಗಿ ಕಾಣುತ್ತದೆ, ಪೇಪರಿನ ಅಕ್ಷರಕ್ಕೆಲ್ಲ ಬಾಲ ಬಂದ ಹಾಗೆ. ಕಸಿ ಹಿಡಿಯಲಿಲ್ಲ" ಎಂದರು. ಹಾಗೆ ಎಣಿಸಿ ಅವರು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು. ಅವರ ಕೈಯಲ್ಲಿದ್ದ ಚೀಟಿ ಇಂಗ್ಲಿಷಿನಲ್ಲಿತ್ತು. ಬಾಯಿಮಾತಿನಲ್ಲಿ ಹೇಳಿದ್ದು ಮಲೆಯಾಳದಲ್ಲಿ. ಚೀಟಿಯನ್ನು ನಾವು ಓದಿ ನೋಡಿದರೆ, ಕಸಿ ತಿಳಿಯಾಗಿಯೇ ಇದೆ, ಹೊಲಿಗೆ ತೆಗೆಸಲು ಬರತಕ್ಕದ್ದು ಎಂದು ಬರೆದಿತ್ತು!

ಕಾರ್ನಿಯಾ ಎಂಬುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಗಡಿಯಾರದ ಗಾಜಿದ್ದ ಹಾಗೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. 1905ರ ಡಿಸೆಂಬರ್ 7ರಂದು ಈಗಿನ ಚೆಕ್ ದೇಶದ ಓಲೊಮೌಟ್ಸ್ ನಗರದಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯರು ಮನುಷ್ಯನಿಗೆ ಮನುಷ್ಯನ ಕಾರ್ನಿಯಾವನ್ನು ಪ್ರಥಮವಾಗಿ ಯಶಸ್ವಿಯಾಗಿ ಕಸಿ ಮಾಡಿದರು. ಆ ರೋಗಿಯೂ ಒಬ್ಬ ಕೂಲಿಕಾರ. ಅವನ ಕಣ್ಣುಗಳನ್ನು ಸುಟ್ಟದ್ದೂ ಸುಣ್ಣವೇ. ಎರಡು ಕಣ್ಣುಗಳಿಗೆ ಮಾಡಿದ ಕಸಿಯಲ್ಲಿ ಒಂದು ಮಾತ್ರ ಉಳಿಯಿತು. ಅಂದಿನಿಂದ ವಿದ್ಯೆ ಬಹಳ ಮುಂದುವರಿದಿದೆ. ಆದರೂ ಕಸಿಯಾದ ಕಣ್ಣಿನ ಕಾವಲು ಶಸ್ತ್ರಕ್ರಿಯೆಯ ದಿನಕ್ಕೆ ಮುಗಿಯುವುದಿಲ್ಲ, ಆ ದಿನದಿಂದ ಆರಂಭವಾಗುತ್ತದೆ.

ಪೂರ್ಣ ದಪ್ಪದ ಕಸಿಯಲ್ಲಿ ಹೊಸ ಪೊರೆಯನ್ನು ತಲೆಕೂದಲಿಗಿಂತ ಸಪೂರದ ನೈಲಾನ್ ನೂಲಿನಿಂದ, ಸಾಮಾನ್ಯವಾಗಿ ಹದಿನಾರರಷ್ಟು ಹೊಲಿಗೆ ಹಾಕಿ, ಹಳೆಯ ಅಂಚಿಗೆ ಸೇರಿಸುತ್ತಾರೆ. ಒಂದು ಹೊಲಿಗೆ ಬಿಗಿ, ಇನ್ನೊಂದು ಸಡಿಲವಾದರೂ ಮೇಲ್ಮೈ ಚೆಂಡಿನಂತೆ ದುಂಡಗಿರದೆ ಚಮಚದ ಬೆನ್ನಿನಂತಾಗುತ್ತದೆ. ಬೆಳಕು ಒಂದೇ ಬಿಂದುವಿನಲ್ಲಿ ಕೂಡದೆ ಚದರಿ, ವಸ್ತುಗಳು ಎಳೆದಂತೆ ಕಾಣುತ್ತವೆ. ವೈದ್ಯರು ಇದನ್ನು ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಪೊರೆ ಕನ್ನಡಿಯಂತೆ ತಿಳಿಯಾಗಿದ್ದರೂ ಓದಲಾಗದಿರಲು ಇದೇ ಕಾರಣ. ಬಿಗಿಯಾದ ಹೊಲಿಗೆಗಳನ್ನು ಆಯ್ದು ತೆಗೆಯುವುದು, ಕನ್ನಡಕ, ಕಣ್ಣಿನ ಮೇಲೆಯೇ ಕೂರಿಸುವ ಗಟ್ಟಿ ಲೆನ್ಸ್ ಇವು ಮೊದಲ ಉಪಾಯಗಳು. ಇವುಗಳಿಂದ ಸಾಲದಿದ್ದಾಗ ಲೇಸರ್ ಚಿಕಿತ್ಸೆಯ ಮಾತು ಬರುತ್ತದೆ.

ಈ ಲೇಸರಿನ ಹಿಂದೆ ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿಯ ಬುದ್ಧಿ ಇದೆಯೆಂಬುದು ನಮಗೆ ಹೆಮ್ಮೆಯ ವಿಷಯ. 1981ರಲ್ಲಿ ಅಮೇರಿಕದ ಐಬಿಎಂ ಸಂಸ್ಥೆಯಲ್ಲಿ ಅವರೂ ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸಾಮ್ಯುಯೆಲ್ ಬ್ಲಮ್ ಅವರೂ, ಹಬ್ಬದೂಟದಲ್ಲಿ ಉಳಿದ ಟರ್ಕಿಕೋಳಿಯ ಮಾಂಸದ ಮೇಲೆ ಎಕ್ಸೈಮರ್ ಲೇಸರನ್ನು ಹಾಯಿಸಿ ನೋಡಿದರು. ಸುತ್ತಲಿನ ಭಾಗ ಸುಡದೆ, ಬಿದ್ದ ಕಡೆ ಮಾತ್ರ ನಯವಾಗಿ ಕೆತ್ತಿದಂತಾಯಿತು. 1983ರಲ್ಲಿ ಸ್ಟೀಫನ್ ಟ್ರೋಕೆಲ್ ಎಂಬ ನೇತ್ರ ವೈದ್ಯರು ಅವರೊಡನೆ ಸೇರಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು. ಒಂದು ಮಿಡಿತಕ್ಕೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕೆತ್ತುವ ಈ ಕಿರಣದಿಂದ ಕಸಿಯ ಮೇಲ್ಮೈಯ ಏರುತಗ್ಗನ್ನು ಸರಿಪಡಿಸಬಹುದು. ಫೆಮ್ಟೋಸೆಕೆಂಡ್ ಎಂಬ ಇನ್ನೊಂದು ಲೇಸರಿನಿಂದ ಪೊರೆಯಲ್ಲಿ ಕಮಾನಿನಾಕಾರದ ಸಣ್ಣ ಗೀರುಗಳನ್ನು ಮಾಡಿ ಬಿಗಿತವನ್ನು ಸಡಿಲಿಸುವುದೂ ಉಂಟು.

ಆದರೆ ಲೇಸರ್ ಎಂಬ ಹೆಸರಿಗೆ ಮರುಳಾಗುವುದು ಬೇಡ. ಹೊಲಿಗೆಗಳೆಲ್ಲ ಹೋಗಿ, ಕಣ್ಣಿನ ನಂಬರು ತಿಂಗಳುಗಟ್ಟಲೆ ಒಂದೇ ಸಮನಾಗಿ ನಿಂತ ಮೇಲೆ ಮಾತ್ರ ಮೇಲ್ಮೈಯನ್ನು ಕೆತ್ತುವ ಮಾತು. ಅದಕ್ಕೆ ಒಂದು ವರ್ಷವೋ ಹೆಚ್ಚೋ ಕಾಯಬೇಕಾಗುತ್ತದೆ. ಕಸಿಯ ಅಂಚು ಹುಟ್ಟುಕಣ್ಣಿನಷ್ಟು ಗಟ್ಟಿಯಾಗುವುದೇ ಇಲ್ಲ. ಮಬ್ಬು ಕವಿಯುವ, ದೇಹವು ಕಸಿಯನ್ನು ತಿರಸ್ಕರಿಸುವ ಅಪಾಯಗಳೂ ಇವೆ. ಎಲ್ಲ ಸರಿಯಾದರೂ ಕನ್ನಡಕ ಪೂರ್ತಿ ತಪ್ಪೀತೆಂಬ ಭರವಸೆಯಿಲ್ಲ.

ಅದಕ್ಕಿಂತಲೂ ಮುಖ್ಯವಾಗಿ, ತಿರಸ್ಕಾರಕ್ಕೆ ಲೇಸರ್ ಮದ್ದಲ್ಲ. ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ನೋವು — ಈ ನಾಲ್ಕರಲ್ಲಿ ಒಂದು ಕಂಡರೂ ಅದೇ ದಿನ ನೇತ್ರ ವೈದ್ಯರ ಬಳಿಗೆ ಓಡಬೇಕು. ಕಸಿಯಾಗಿ ವರ್ಷಗಳೇ ಸಂದಿದ್ದರೂ ಇದು ಬರಬಹುದು. ಬೇಗ ಸ್ಟೀರಾಯ್ಡ್ ಹನಿ ಬಿದ್ದರೆ ಅನೇಕ ಬಾರಿ ಕಸಿ ಉಳಿಯುತ್ತದೆ. ತಡವಾದರೆ ದಾನಿಯ ದಾನ ವ್ಯರ್ಥ. ಆ ಹನಿಯನ್ನು ಮನಸ್ಸು ಬಂದಂತೆ ನಿಲ್ಲಿಸಲೂ ಬಾರದು, ಕೇಳದೆ ಮುಂದುವರಿಸಲೂ ಬಾರದು. ಅದರಿಂದ ಕಣ್ಣಿನ ಒತ್ತಡ ಏರಬಹುದು. ಸಡಿಲವಾದ ಹೊಲಿಗೆ ಹಾಗೇ ಉಳಿದರೆ ಕೀವಾಗುವ ಭಯವಿದೆ.

ಇಷ್ಟನ್ನು ರೋಗಿಗೆ ಅವನ ಮಾತಿನಲ್ಲಿ ತಿಳಿಸುವವರು ಯಾರು? ಕಾಸರಗೋಡಿನ ಕನ್ನಡಿಗನಿಗೆ ದೊಡ್ಡ ಚಿಕಿತ್ಸೆಯೆಂದರೆ ಒಂದೋ ತೆಂಕಣ ಊರು, ಇಲ್ಲವೇ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ದಾರಿಯನ್ನು ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ದಾರಿ ತೆರೆದಿದ್ದರೂ ಭಾಷೆಯ ಗೇಟು ಮುಚ್ಚಿದ್ದರೆ ಪರಿಣಾಮ ಬೇರೆಯೇನಲ್ಲ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಅವಕಾಶ ಕೊಟ್ಟಿತು. ಅರ್ಜಿ ಬರೆಯಲು ಸಲ್ಲುವ ಭಾಷೆ ಕಣ್ಣು ಉಳಿಸಿಕೊಳ್ಳಲು ಸಲ್ಲಬಾರದೇ?

ನಾವು ಕೇಳುತ್ತಿರುವುದು ಹೊಸ ಆಸ್ಪತ್ರೆಯನ್ನಲ್ಲ, ಅರ್ಧ ಹಾಳೆ ಕಾಗದವನ್ನು. ಕಸಿಯಾದವರಿಗೆ ಕೊಡುವ ಚೀಟಿಯೊಂದಿಗೆ ಅಪಾಯದ ನಾಲ್ಕು ಲಕ್ಷಣಗಳು, ಹನಿ ಹಾಕುವ ಕ್ರಮ, ಹೊಲಿಗೆ ತೆಗೆಸುವ ದಿನ ಇವುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಆರೋಗ್ಯ ಇಲಾಖೆ ಶಸ್ತ್ರಕ್ರಿಯೆಗಳ ಲೆಕ್ಕದೊಂದಿಗೆ, ಮರಳಿ ಬಾರದವರ ಲೆಕ್ಕವನ್ನೂ ಇಡಲಿ. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯರನ್ನು ಕಳುಹಿಸಲಿ. ವೈದ್ಯರು ಒಪ್ಪಿದ ಒಕ್ಕಣೆಯನ್ನು ಕೊಟ್ಟರೆ ಉಚಿತವಾಗಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.

ವಾಚಕರಲ್ಲೂ ಒಂದು ವಿನಂತಿ. ನೆರೆಮನೆಯಲ್ಲಿ ಕಸಿಯಾದವರಿದ್ದರೆ ಅವರ ಚೀಟಿಯನ್ನೊಮ್ಮೆ ಓದಿ ಹೇಳಿರಿ. ಸುಣ್ಣ ಕಣ್ಣಿಗೆ ಬಿದ್ದರೆ ಕೂಡಲೇ ಅರ್ಧ ಗಂಟೆಯಾದರೂ ಶುದ್ಧ ನೀರಿನಿಂದ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಿರಿ.

ನಮ್ಮಲ್ಲಿಗೆ ಬಂದಿದ್ದ ಹಿರಿಯರು ಈಗ ಹೊಲಿಗೆ ತೆಗೆಸಿಕೊಂಡು ಬಂದಿದ್ದಾರೆ. ಮುಂದೆ ಕನ್ನಡಕ ಸಾಕೋ, ಲೇಸರ್ ಬೇಕೋ ಎಂಬುದನ್ನು ಕೆಲವು ತಿಂಗಳ ಬಳಿಕ ವೈದ್ಯರು ಹೇಳುವರು. ಓದಬಲ್ಲ ಒಂದು ಚೀಟಿ ಕೈಯಲ್ಲಿದ್ದರೆ ಅವರ ಎರಡು ವರ್ಷ ಉಳಿಯುತ್ತಿತ್ತು.